ಒಂದು ತೊಟ್ಟೂ ಚೆಲ್ಲಲಿಲ್ಲ

ಕೊಕ್ಕರ್ಣೆ
24 ನವೆಂಬರ್ 2024, ಭಾನುವಾರ

ಪ್ರೀತಿಯ ಗಿರಿಜಕ್ಕನಿಗೆ,

ನಿನ್ನ ತಂಗಿ ವನಜಳ ನಮಸ್ಕಾರ. ಭಾವನಿಗೂ ಹೇಳು. ದೀಪಾವಳಿ ಕಳೆದ ಮೇಲೆ ನೀನು ಎಷ್ಟು ಸಲ ಫೋನ್ ಮಾಡಿದರೂ "ಹ್ಞೂಂ, ಎಲ್ಲಾ ಆರಾಮ" ಅಂತ ಹೇಳಿ ಇಟ್ಟುಬಿಟ್ಟೆ. ಸಿಟ್ಟು ಬಂದಿರಬೇಕು ನಿನಗೆ. ಎಂತ ಮಾಡುದು ಮಾರಾಯ್ತಿ, ಇವರು ಇಡೀ ದಿನ ಜಗಲಿಯಲ್ಲೇ ಕೂತಿರ್ತಾರೆ, ಇವರೆದುರು ಹೇಳುವ ಸುದ್ದಿ ಅಲ್ಲ ಇದು. ಅದಕ್ಕೇ ಈ ಕಾಗದ. ಈಗ ಊಟ ಮಾಡಿ ಮಲಗಿದ್ದಾರೆ. ನಾಳೆ ಮಗಳು ತೃಷಾ ಕಾಲೇಜಿಗೆ ಹೋಗುವಾಗ ಕುಂದಾಪುರದಲ್ಲಿ ಪೋಸ್ಟಿಗೆ ಹಾಕ್ತಾಳೆ.

ತೃಷಾ ಹೇಳಿ ನಿಮಗೆ ಗೊತ್ತಿರಬಹುದು, ನಮ್ಮ ದನ ಚುಕ್ಕಿ ಸತ್ತುಹೋಯ್ತು ಅಕ್ಕ. ಗಬ್ಬ ಆಗಿತ್ತು, ಹೊಟ್ಟೆಯಲ್ಲಿದ್ದ ಕರುವೂ ಹೋಯ್ತು.

ದನ ಸತ್ತದ್ದಕ್ಕೆ ಇವಳು ಪತ್ರ ಬರೀತಾಳಲ್ಲ ಅಂತ ನಗಬೇಡ. ಇವರನ್ನು ನೀನು ಕಂಡಿದ್ದೀಯಲ್ಲ. ಮುಂಬಯಿಯಲ್ಲಿ ನಿಮ್ಮ ಹೋಟೆಲಿನ ಕೌಂಟರಿನಲ್ಲಿ ಕೂತು ಊರಿಗೆಲ್ಲ ಉತ್ತರ ಹೇಳಿದ ಜನ, ಪಾರ್ಶ್ವವಾಯು ಬಡಿದು ಎಡಗೈ ಬಿದ್ದ ಮೇಲೆ ಮನುಷ್ಯರ ಹತ್ತಿರ ಬಾಯಿ ತೆರೆಯುವುದನ್ನೇ ಬಿಟ್ಟರು. ಮಾತು ತೊದಲ್ತದೆ ಅಂತ ನಾಚಿಕೆ. ಚುಕ್ಕಿ ಹತ್ತಿರ ಮಾತ್ರ ಬೆಳಗಾದರೆ ಮಾತು. "ನನ್ನತ್ರ ಒಂದ್ ಮಾತಿಲ್ಲೆ, ಅದ್ರತ್ರ ಪುರಾಣ" ಅಂತ ನಾನು ಬೈತಾ ಇದ್ದೆ. ನನ್ನ ಬಾಯಿ ನಿನಗೆ ಗೊತ್ತುಂಟಲ್ಲ. ಬೈದರೂ ಒಳಗೊಳಗೆ ಸಮಾಧಾನ ಇತ್ತು, ಯಾರ ಹತ್ತಿರವಾದರೂ ಮಾತಾಡ್ತಾರಲ್ಲ ಅಂತ.

ಗೋಪೂಜೆಯ ದಿನ ಹೂವಿನ ಮಾಲೆ ಹಾಕಿದಾಗ ಚೆನ್ನಾಗಿಯೇ ಇತ್ತು. ಆಮೇಲೆ ಜ್ವರ, ಕೆಮ್ಮು, ಮೂಗಲ್ಲಿ ನೀರು. ಪಶು ಡಾಕ್ಟ್ರು ಬಂದು ಕುತ್ತಿಗೆಗೆ ಎರಡು ಇಂಜೆಕ್ಷನ್ ಕೊಟ್ಟರು. ಕಫ ಸಡಿಲ ಆಗಲಿಕ್ಕೆ ಒಂದು ಪುಡಿಯನ್ನೂ ಕೊಟ್ಟು, "ಬೆಲ್ಲದಲ್ಲಿ ಕಲಸಿ ನಾಲಿಗೆಗೆ ಸವರಿ ನೆಕ್ಕಿಸಿ. ಬಿದಿರಿನ ಗೊಟ್ಟದಲ್ಲಿ ಗಂಟಲಿಗೆ ಎರೀಬೇಡಿ" ಅಂದರು. ನಾವಿಬ್ಬರೂ ಅಲ್ಲೇ ಇದ್ದೆವು. ಇವರೂ ತಲೆ ಆಡಿಸಿದರು.

ಮರುದಿನಕ್ಕೇ ಜ್ವರ ಇಳೀತು, ಸ್ವಲ್ಪ ಹುಲ್ಲನ್ನೂ ಮುಟ್ಟಿತು. ಆದರೆ ಆ ಬೆಲ್ಲದ ಮದ್ದು ಅದಕ್ಕೆ ಸೇರಲಿಲ್ಲ. ಸವರಿದ್ದನ್ನೆಲ್ಲ ಉಗಿದು ಹಾಕ್ತಿತ್ತು. ನಾನು ಬ್ರಹ್ಮಾವರಕ್ಕೆ ಮದುವೆಗೆ ಹೋದ ದಿನ, ತೃಷಾನೂ ಇಲ್ಲ, ಇವರು ಅಟ್ಟದ ಮೂಲೆಯಿಂದ ತಮ್ಮ ಅಪ್ಪಯ್ಯನ ಕಾಲದ ಬಿದಿರಿನ ಗೊಟ್ಟ ಕೆಳಗಿಳಿಸಿದ್ದಾರೆ. ಮಾವನವರ ಕೈಗುಣ ಊರಿಗೇ ಪ್ರಸಿದ್ಧ, ಆಗ ಯಾರ ಮನೆಯ ದನಕ್ಕೂ ಅವರೇ ಮದ್ದು ಎರೆಯುತ್ತಿದ್ದದ್ದು. ಮಗನಿಗೂ ಅದೇ ನೆನಪು. ಇರುವುದು ಒಂದೇ ಕೈ, ದನದ ತಲೆ ಹಿಡಿಯುವವರು ಬೇಕಲ್ಲ? ಹಗ್ಗವನ್ನು ಹಟ್ಟಿಯ ಕಂಬಕ್ಕೆ ಮೇಲೆತ್ತಿ ಬಿಗಿದು ಕಟ್ಟಿದ್ದಾರೆ. ಪುಡಿಯನ್ನು ನೀರಿನಲ್ಲಿ ಕದಡಿ, ಎತ್ತಿದ ಬಾಯಿಗೆ ಎರೆದಿದ್ದಾರೆ.

ನಾನು ಮನೆಗೆ ಬರುವಾಗ ಅಂಗಳದಲ್ಲೇ ನಿಂತಿದ್ದರು. "ಪೂರಾ ಕುಡ್ಸಿದೆ ಕಾಣ್. ನಾನೊಬ್ನೇ. ಒಂದ್ ತೊಟ್ಟೂ ಚೆಲ್ಲಲಿಲ್ಲ!" ಅಂದರು. ಮಾತು ತೊದಲಲೇ ಇಲ್ಲ ಅಕ್ಕ! ಕಾಯಿಲೆ ಬಿದ್ದ ಮೇಲೆ ಆ ಮುಖದಲ್ಲಿ ನಗು ಕಂಡದ್ದು ಅವತ್ತೇ. ಡಾಕ್ಟ್ರು ಬೇಡ ಅಂದದ್ದು ನೆನಪಾಯ್ತು, ಆದರೂ ಆ ಮುಖಕ್ಕೆ ಎಂತ ಹೇಳುವುದು? "ಲಾಯ್ಕ್ ಆಯ್ತು" ಅಂದೆ.

ಮರುದಿನ ಮೂಗಿನಿಂದ ನೊರೆ. ಅದರ ಮರುದಿನ ಹತ್ತಿರ ಹೋಗಲಿಕ್ಕಾಗದ ಹಾಗೆ ಉಸಿರೆಲ್ಲ ನಾತ. ಕತ್ತು ಮುಂದೆ ಚಾಚಿ, ಬಾಯಿ ತೆರೆದು, ಪಕ್ಕೆ ಒಳಗೆ ಎಳೆದುಕೊಂಡು ಉಸಿರಾಡ್ತಿತ್ತು. ಡಾಕ್ಟ್ರು ಎದೆಗೆ ನಳಿಗೆ ಇಟ್ಟು ಕೇಳಿದರು. ಹಳೆಯ ಇಂಜೆಕ್ಷನ್ ಬಿಟ್ಟು ಹೆಚ್ಚು ಖಾರದ್ದು ಕೊಟ್ಟರು. ಉಸಿರು ಸಲೀಸು ಮಾಡುವ ಮದ್ದು ಇನ್ನೊಂದು ಉಂಟಂತೆ, ಆದರೆ ಅದನ್ನು ಕೊಟ್ಟರೆ ಗಬ್ಬದ ದನ ಕಂದು ಹಾಕ್ತದಂತೆ, ಕರು ಉಳಿಯುದಿಲ್ಲವಂತೆ. "ಕೊಟ್ಟರೂ ಉಳೀತದೆ ಅಂತ ಹೇಳಲಾರೆ" ಅಂದರು, ಕೊಡಲಿಲ್ಲ.

ಗೇಟಿನವರೆಗೆ ಬಿಡಲು ಹೋದೆ. ಸ್ಕೂಟರ್ ಹತ್ತುವ ಮೊದಲು ಮೆಲ್ಲ ಕೇಳಿದರು, "ಗೊಟ್ಟದಲ್ಲಿ ಎರೆದವರು ಯಾರು?" ನಾನೇ ಅಂದೆ. "ಜ್ವರಕ್ಕೆ ಸಾಯುವ ದನ ಅಲ್ಲ ಅಮ್ಮ ಅದು. ಮದ್ದು ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಕೊಳೀತಾ ಉಂಟು. ಆಸೆ ಇಟ್ಟುಕೊಳ್ಳಬೇಡಿ" ಅಂದರು. ದನಿ ಏರಿಸಿ ಸರಿಯಾಗಿ ಬೈದರು. ಬೈಸಿಕೊಂಡೆ. ಒಳಗೆ ಬಂದು ಇವರಿಗೆ, "ಮೊದಲೇ ಕೆಟ್ಟ ಜ್ವರ ಅಂಬ್ರು, ಯಾರೆಂತ ಮಾಡುಕೂ ಆಪ್ದಲ್ಲ" ಅಂತ ಸುಳ್ಳು ಹೇಳಿದೆ. ಇವರು ಎದ್ದು ಹಟ್ಟಿಗೆ ಹೋದರು. ಹದಿನೈದನೇ ತಾರೀಕು ಶುಕ್ರವಾರ ಚುಕ್ಕಿ ಮಲಗಿದಲ್ಲೇ ಜೀವ ಬಿಟ್ಟಿತು. ಹಿತ್ತಿಲಲ್ಲಿ ಹುಗಿಸಿದೆವು.

ಬೇರೆ ದನ ತೆಗೆಸಿಕೊಡ್ತೇನೆ ಅಂತ ಭಾವ ತೃಷಾಳ ಹತ್ತಿರ ಹೇಳಿದರಂತೆ. ಈಗ ಬೇಡ. ಇವರು ಬೆಳಿಗ್ಗೆ ಎದ್ದು ಹಟ್ಟಿಗೆ ಹೋಗಿ ಖಾಲಿ ಗೂಟ ಕಂಡು ಬರ್ತಾರೆ. ಮಾತಿಲ್ಲ, ಕಥೆ ಇಲ್ಲ. ನೀವು ಬಂದಾಗ ಮದ್ದಿನ ಸುದ್ದಿ ಮಾತ್ರ ಎತ್ತಬೇಡಿ. ಕೆಟ್ಟ ಜ್ವರ ಅಂದರೆ ಸಾಕು. ಅದೊಂದು ಸುಳ್ಳಾದರೂ ಇವರ ಪಾಲಿಗೆ ಉಳಿಯಲಿ.

ನಿನ್ನ ಮಗ ವಿಶಾಲನಿಗೆ ನನ್ನ ಆಶೀರ್ವಾದ. ಕೊಲ್ಲೂರಮ್ಮ ನಿಮ್ಮನ್ನಾದರೂ ಚೆನ್ನಾಗಿಡಲಿ.

ನಿನ್ನ
ವನಜ

ವಿ.ಸೂ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೀತೇನೆ. ಹಟ್ಟಿ ತೊಳೆಯಲು ಹೋದರೆ, ಚುಕ್ಕಿಗೆ ಅಕ್ಕಿ ತೊಳೆದ ಅಕ್ಕಚ್ಚು ಕೊಡ್ತಿದ್ದ ಬಾನಿಯ ತಳದಲ್ಲಿ ಮಾತ್ರೆಗಳು. ಇವರ ಬಿ.ಪಿ.ಯದ್ದು, ರಕ್ತ ತೆಳು ಮಾಡುವುದು, ಎಲ್ಲಾ. ಚುಕ್ಕಿ ಹೋದ ಮೇಲೆ ನಾನು ಕೈಗೆ ಕೊಟ್ಟದ್ದನ್ನೆಲ್ಲ ನುಂಗಿದ ಹಾಗೆ ಮಾಡಿ ಅಲ್ಲಿ ತಂದು ಹಾಕಿದ್ದಾರೆ. ಎಂತ ಇದು ಅಂತ ಕೇಳಿದೆ.

"ಕೈ ಹೋದ್ದ್ ನಂದ್, ಕಿವಿ ಹೋಯ್ಲಿಲ್ಲ. ಗೇಟಿನ ಹತ್ರ ಡಾಕ್ಟ್ರ್ ಹೇಳದ್ದ್ ಕೇಂಡಿದೆ. ನೀ ಸುಳ್ಳ್ ಹೇಳದ್ದೂ ಕೇಂಡಿದೆ" ಅಂದರು. ಆಮೇಲೆ ಅಂದರು, "ಒಂದ್ ಲೋಟ ಬಿದ್ರೂ ಬೈತಿದ್ದವಳ್ ನೀ. ಇಷ್ಟ್ ದೊಡ್ಡ ತಪ್ಪಿಗೆ ಒಂದ್ ಮಾತ್ ಬೈಲಿಲ್ಲ. ಬೈಸ್ಕಂಬುಕೂ ಲಾಯ್ಕಿಲ್ದವ ಆದ್ನಾ ನಾನ್?"

ಬೈಯಬೇಕು ಅಂತಲೇ ಬಾಯಿ ತೆರೆದೆ ಅಕ್ಕ. ಬರಲಿಲ್ಲ. ಇವತ್ತಿನ ಮಾತ್ರೆ ನನ್ನ ಕೈಯಲ್ಲೇ ಉಂಟು. ಬಲವಂತ ಮಾಡಿ ಬಾಯಿಗೆ ಹಾಕಲು ನನಗೀಗ ಹೆದರಿಕೆ.