ಎಡಗಣ್ಣಿಗೆ ಹಳೆಯದು, ಬಲಗಣ್ಣಿಗೆ ಹೊಸದು

ಶನಿವಾರ, ಸಂಜೆ
(ಮದುವೆಯಾಗಿ ಮೂರು ತಿಂಗಳು, ನಾಲ್ಕು ದಿನ. ಹೌದು, ಇನ್ನೂ ಎಣಿಸುತ್ತಿದ್ದೇನೆ!)

ಮುದ್ದಿನ ಅಕ್ಕನಿಗೆ, ಸದ್ಯಕ್ಕೆ ಮುದ್ದು ಬಾರದ ಅಕ್ಕನಿಗೆ,

ನಿನ್ನ ಗುಬ್ಬಿ ಮಾಡುವ ನಮಸ್ಕಾರಗಳು. ಕ್ಷೇಮವೇ ಎಂದು ಕೇಳುವುದಿಲ್ಲ. ನನ್ನ ಬಲಗಣ್ಣು ಊದಿಕೊಂಡಿದೆ. ಈ ಕಾಗದವನ್ನು ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ, ಸಾಲು ಸೊಟ್ಟಗಾದರೆ ಅದಕ್ಕೂ ನೀನೇ ಹೊಣೆ. ಮೊದಲು ಇಂಗ್ಲಿಷಿನಲ್ಲಿ ಬೈಯೋಣವೆಂದು ಕುಳಿತೆ. ನಾಲ್ಕೇ ಸಾಲಿಗೆ ಅದು ರಜೆಯ ಅರ್ಜಿಯ ಹಾಗೆ ಕಾಣತೊಡಗಿತು. ಹರಿದು ಹಾಕಿ ಅಮ್ಮನ ಭಾಷೆಗೆ ಬಂದೆ. ಫೋನು ಮಾಡಿದರೆ ಎರಡು ಮಾತಿಗೆ ನಗಿಸಿಬಿಡುತ್ತೀಯ. ಇವತ್ತು ನನಗೆ ನಗುವ ಮನಸ್ಸಿಲ್ಲ.

ಗುರುವಾರ ಇವರು ಆಫೀಸಿನಿಂದ ಬರುವಾಗ ನಿಮ್ಮ ಕಂಪನಿಯ ಹೊಸ ಐಶ್ಯಾಡೋ ಪ್ಯಾಲೆಟ್ ತಂದರು. ನಾನು ಕುಣಿದಾಡಿಬಿಟ್ಟೆ! ಗಂಡ ದೂರು ವಿಭಾಗದಲ್ಲಿ, ಅಕ್ಕ ಕೆಳಗಿನ ಮಹಡಿಯ ಲ್ಯಾಬಿನಲ್ಲಿ, ಬಣ್ಣ ನನ್ನ ರೆಪ್ಪೆಯ ಮೇಲೆ. ಇಂಥ ಅದೃಷ್ಟ ಯಾವ ಹುಡುಗಿಗಿದೆ ಎಂದು ಅತ್ತೆಯ ಮುಂದೆ ಕೊಚ್ಚಿಕೊಂಡೆ. ಅದೇ ಹನ್ನೆರಡು ಬಣ್ಣ, ಅದೇ ಕಪ್ಪು ಡಬ್ಬಿ, ಮುಚ್ಚಳದ ಮೇಲೆ ಅದೇ 'ಸೂಕ್ಷ್ಮ ಕಣ್ಣುಗಳಿಗೆ' ಎಂಬ ಬೆಳ್ಳಿಯಕ್ಷರ. ಪಕ್ಕದಲ್ಲಿ ಹೊಸದಾಗಿ 'ಇನ್ನೂ ಉತ್ತಮ'. ನೀನು ಆರು ವರ್ಷದ ಹಿಂದೆ ಮಾಡಿದ ಮೊದಲ ಪ್ಯಾಲೆಟ್ ನನ್ನ ಹತ್ತಿರ ಇನ್ನೂ ಇದೆ, ತಳ ಕಾಣುವಷ್ಟು ಸವೆದಿದೆ. ಎರಡನ್ನೂ ಕನ್ನಡಿಯ ಮುಂದೆ ಇಟ್ಟುಕೊಂಡು, ನೀನು ಕಲಿಸಿದ ಹಾಗೆಯೇ ಹೋಲಿಸಿದೆ.

ಹಳೆಯ ಒಣಗುಲಾಬಿ ಬಣ್ಣಕ್ಕೆ ಬೆರಳು ಸೋಕಿದರೆ ಸಾಕು, ಮೈಗೆ ತಾನಾಗಿ ಹತ್ತುತ್ತದೆ. ಹೊಸದನ್ನು ಕೆರೆದು ಕೆರೆದು ತೆಗೆಯಬೇಕು. ತೆಗೆದದ್ದರಲ್ಲಿ ಅರ್ಧ ಕೆನ್ನೆಗೆ ಉದುರುತ್ತದೆ. ಹಳೆಯ ತಾಮ್ರದ ಬಣ್ಣ ಬಿಸಿಲಿಗೆ ಹಿಡಿದರೆ ಒಳಗಿನಿಂದ ಬೆಳಗುತ್ತದೆ. ಹೊಸದರಲ್ಲಿರುವುದು ಬರೀ ಮಿಣಮಿಣ, ಅಂಗಡಿಯ ಸುತ್ತುಕಾಗದದ ಹಾಗೆ. ಬೂದಿ ಬಣ್ಣವಂತೂ ನಿಜವಾಗಿಯೇ ಬೂದಿ. ಎಲ್ಲಕ್ಕಿಂತ ಹೆಚ್ಚಾಗಿ, ಹೊಸದಕ್ಕೆ ವಾಸನೆ ಇದೆ! ಹೂವಿನ ಅಂಗಡಿಯಲ್ಲಿ ಸೋಪು ಕರಗಿಸಿದಂಥ ವಾಸನೆ. ಕಣ್ಣಿಗೆ ಹಚ್ಚುವುದಕ್ಕೆ ಪರಿಮಳ ಬೆರೆಸುವವರು ಮೂಗನ್ನು ಎಲ್ಲಿಟ್ಟುಕೊಂಡಿದ್ದಾರೆ ಎಂದು ಸದಾ ಬೈಯುತ್ತಿದ್ದವಳು ನೀನೇ ಅಲ್ಲವೇ?

ಆದರೂ ಶುಕ್ರವಾರ ಬೆಳಿಗ್ಗೆ ಎಡಗಣ್ಣಿಗೆ ಹಳೆಯದನ್ನೂ ಬಲಗಣ್ಣಿಗೆ ಹೊಸದನ್ನೂ ಹಚ್ಚಿಕೊಂಡು ದಿನವಿಡೀ ಮನೆಯಲ್ಲಿ ಓಡಾಡಿದೆ. ಅತ್ತೆ ನೋಡಿ, "ಏನಮ್ಮಾ, ಒಂದು ಕಣ್ಣು ತವರಿಗೆ, ಒಂದು ಕಣ್ಣು ನಮಗಾ?" ಎಂದು ನಕ್ಕರು. ಮಧ್ಯಾಹ್ನ ತುರಿಕೆ, ನಾಲ್ಕು ಗಂಟೆಗೆ ಉರಿ, ಇವರು ಬರುವ ಹೊತ್ತಿಗೆ ಬಲಗಣ್ಣು ಅರ್ಧ ಮುಚ್ಚಿತ್ತು. ಇವರು ಚೀಲವನ್ನೂ ಕೆಳಗಿಡದೆ ನಿಂತುಬಿಟ್ಟರು. ಇದೇ ವಾರ ಇಂಥವೇ ಎರಡು ದೂರುಗಳು ಇವರ ಮೇಜಿಗೆ ಬಂದಿದ್ದವಂತೆ. ದೂರು ಕೊಟ್ಟವರಲ್ಲೊಬ್ಬಳು ಬಸ್ ಓಡಿಸುವವಳು, ನಾಲ್ಕು ದಿನದಿಂದ ಸ್ಟಿಯರಿಂಗ್ ಮುಟ್ಟಿಲ್ಲ. ಇವರು ಇಬ್ಬರಿಗೂ, ನಮ್ಮ ಬಣ್ಣ ಪರೀಕ್ಷೆಯಾಗಿಯೇ ಹೊರಗೆ ಬಂದಿದೆ, ದಯವಿಟ್ಟು ಬೇರೆ ಕಾರಣ ಹುಡುಕಿ ಎಂದು ಉತ್ತರ ಬರೆದಿದ್ದರು.

ಇವತ್ತು ಬೆಳಿಗ್ಗೆ ಇವರು ಆಫೀಸಿಗೆ ಹೋಗಿ ಆ ಪರೀಕ್ಷೆಯ ಕಡತ ತೆಗೆಸಿದರು. ಊಟದ ಹೊತ್ತಿಗೆ ಅದರ ಪ್ರತಿ ಹಿಡಿದು ಬಂದರು. ಕುರ್ಚಿ ಎಳೆದುಕೊಂಡು ನನ್ನೆದುರು ಕೂತು, ತಣ್ಣಗೆ, "ಏಳು ದಿನ ಹಚ್ಕೊಂಡಿದ್ಯಲ್ಲಾ, ಆಗ ಏನೂ ಆಗ್ಲಿಲ್ವಾ?" ಎಂದರು.

ಕಡತದಲ್ಲಿದ್ದದ್ದು ಹತ್ತು ಹೆಂಗಸರು, ಏಳು ದಿನ, ದಿನಕ್ಕೆ ಮೂರು ಪ್ರಶ್ನೆ: ತುರಿಕೆ, ಕೆಂಪು, ನೀರು. ಎಲ್ಲಕ್ಕೂ 'ಇಲ್ಲ', 'ಇಲ್ಲ', 'ಇಲ್ಲ', ನಿನ್ನ ದುಂಡಗಿನ ಅಕ್ಷರದಲ್ಲಿ. ಮೂರನೆಯ ಹಾಳೆಯಲ್ಲಿ ನನ್ನ ಹೆಸರು, ಕೆಳಗೆ ಸಹಿ. ಮತ್ತೆ ಆ ಏಳು ದಿನ ಯಾವುವು ಗೊತ್ತೇ? ಗೊತ್ತಿರಲೇಬೇಕು! ನನ್ನ ಮದುವೆಯ ವಾರ! ಆ ವಾರ ಪೂರ್ತಿ ದಿನಾ ನನ್ನ ಕಣ್ಣಿಗೆ ಬಣ್ಣ ಹಚ್ಚಿದವಳು ನೀನೇ, ಹಚ್ಚಿದ್ದು ಹಳೆಯ ಬಣ್ಣವನ್ನೇ. ಹೊಸದು ನನ್ನ ರೆಪ್ಪೆಯ ಹತ್ತಿರವೂ ಸುಳಿಯಲಿಲ್ಲ. ಉಳಿದ ಒಂಬತ್ತರಲ್ಲಿ ಚಿಕ್ಕಮ್ಮ ಇದ್ದಾಳೆ, ಸೋದರತ್ತೆ ಇದ್ದಾಳೆ. ಛತ್ರದಲ್ಲಿ ಯಾರ ಕೈ ಸಿಕ್ಕಿತೋ ಅವರೆಲ್ಲ ಇದ್ದಾರೆ. ಸೋದರತ್ತೆ ಹುಟ್ಟಿದಾಗಿನಿಂದ ಪೌಡರು ಸಹ ಹಚ್ಚಿದವಳಲ್ಲ!

ಇವರು ಕೇಳಿದರು, "ಈ ಸೈನು ನಿಂದೇನಾ?" ಅಲ್ಲ ಎಂದೆ. ಬೇರೆ ಏನು ಹೇಳಲಿ?

ನೀನು ಏನು ಹೇಳುತ್ತೀಯೆಂದು ನನಗೆ ಗೊತ್ತು. ಹಳೆಯ ಗುಲಾಬಿ ಪುಡಿ ಬರುವುದು ನಿಂತುಹೋಗಿತ್ತು, ಹೊಸದು ಬಂದಿತ್ತು. ನೀನು 'ಗಡಿಯಾರ' ಎಂದು ಕರೆಯುವ ಆ ಮ್ಯಾನೇಜರು, ತಂಗಿ ಮದುವೆ ಆಮೇಲೆ ನೋಡ್ಕೊಳ್ಳಿ, ಮೊದಲು ಪರೀಕ್ಷೆ ಮುಗಿಸಿ ಎಂದಿದ್ದ. ನೀನು ಎರಡರಲ್ಲಿ ಒಂದನ್ನು ಆರಿಸಬೇಕಾಯಿತು. ನನ್ನನ್ನು ಆರಿಸಿದೆ. ದಯವಿಟ್ಟು ಅದನ್ನು ಹೇಳಬೇಡ, ಅಕ್ಕ! ನನಗಾಗಿ ಮಾಡಿದೆ ಎಂದರೆ ನಾನು ಬೈಯುವುದಾದರೂ ಹೇಗೆ? ನೀನು ಒಂದು ದಿನ ಕಡಿಮೆ ಬಂದಿದ್ದರೆ ನಾನು ಅಳುತ್ತಿದ್ದೆ, ಮೂಗು ಒರೆಸಿಕೊಂಡು ಮದುವೆಯಾಗುತ್ತಿದ್ದೆ. ಆ ಬಸ್ಸಿನವಳು ನಿನ್ನ ಬೆಳ್ಳಿಯಕ್ಷರವನ್ನು ನಂಬಿ ಕೊಂಡವಳು. ಅವಳು ಯಾರ ಮದುವೆಗೂ ಬಂದವಳಲ್ಲ.

'ಬಣ್ಣ ಮೊದಲು ನನ್ನ ರೆಪ್ಪೆಗೆ, ಆಮೇಲೆ ಊರಿನ ಕಣ್ಣಿಗೆ' ಎನ್ನುತ್ತಿದ್ದೆಯಲ್ಲ, ಆ ಅಕ್ಕ ಎಲ್ಲಿ ಹೋದಳು? ನಿನ್ನ ಮಾತನ್ನು ಇಲ್ಲಿ ಅತ್ತೆಗೆ, ನಾದಿನಿಗೆ, ಪಕ್ಕದ ಮನೆಯ ಟೈಲರಮ್ಮನಿಗೆ, ಎಲ್ಲರಿಗೂ ಹೇಳಿ ಮೆರೆದಿದ್ದೇನೆ. ಟೈಲರಮ್ಮ ಹೊಸ ಡಬ್ಬಿಯನ್ನು ಕೊಂಡೂ ಆಗಿದೆ. ಇವತ್ತು ಓಡಿಹೋಗಿ ಕಿತ್ತುಕೊಂಡು ಬಂದೆ. ಅವಳು ನನ್ನ ಕಣ್ಣು ನೋಡಿ ತನ್ನ ರೆಪ್ಪೆಯ ಬಣ್ಣವನ್ನು ಸೆರಗಿನಿಂದ ಒರೆಸಿಕೊಂಡಳು. ಅದೇ ಹೆಚ್ಚು ಉರಿಯಿತು.

ಸೋಮವಾರ ಹತ್ತು ಗಂಟೆಗೆ ಇವರು ಗಡಿಯಾರದ ಕೋಣೆಗೆ ಹೋಗುತ್ತಾರೆ. 'ಲ್ಯಾಬಿನವರು ನನ್ನ ಹೆಂಡತಿಯ ಸಹಿಯನ್ನು ಫೋರ್ಜರಿ ಮಾಡಿದ್ದಾರೆ' ಎಂದು ಅರ್ಜಿ ಬರೆದಿಟ್ಟಿದ್ದಾರೆ. ನನ್ನ ಗಂಡ ಮೃದು ಮನುಷ್ಯ, ನಿನಗೇ ಗೊತ್ತು, ನೀನೇ ನೋಡಿ ತಂದ ವರ. ಆದರೆ ಇವತ್ತು ಹಟ ಹಿಡಿದಿದ್ದಾರೆ. ಅವರಿಗಿಂತ ಮೊದಲು ನೀನು ಹೋಗು. ಪರೀಕ್ಷೆ ನಡೆದೇ ಇಲ್ಲ, ಡಬ್ಬಿಗಳನ್ನು ಅಂಗಡಿಗಳಿಂದ ವಾಪಸು ತರಿಸಿ ಎಂದು ನಿನ್ನ ಬಾಯಿಂದಲೇ ಹೇಳು. ಕೆಲಸ ಹೋಗಬಹುದು. ಹೋದರೆ ನಮ್ಮ ಮನೆಗೆ ಬಾ, ಬೈಯುತ್ತಲೇ ಬಡಿಸುತ್ತೇನೆ. ಹೇಳದೆ ಉಳಿದರೆ ಮಾತ್ರ ಬರಬೇಡ.

ನಾಳೆ ಅತ್ತೆ ನಿಮ್ಮ ಬೀದಿಯ ಕಡೆ ಬರುತ್ತಾರೆ. ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತೇನೆ. ಅವರ ಮುಂದೆ ಓದಬೇಡ.

ನಿನ್ನ ಮೇಲೆ ಕೆಂಡದಂತೆ ಉರಿಯುತ್ತಿರುವ,
ನಿನ್ನ
ಗುಬ್ಬಿ

ಮರೆತಿದ್ದ ಮಾತು. ಭಾನುವಾರ ಬೆಳಿಗ್ಗೆ: ಮರೆತಿರಲಿಲ್ಲ, ಬರೆಯುವ ಧೈರ್ಯವಿರಲಿಲ್ಲ. ಸಹಿ ನನ್ನದೇ. ನಿನಗೆ ಗೊತ್ತು, ನನಗೂ ಗೊತ್ತು. ಛತ್ರದ ಕೋಣೆಯಲ್ಲಿ ನೀನು ನನ್ನ ರೆಪ್ಪೆಗೆ ಬಣ್ಣ ಹಚ್ಚುತ್ತಾ, "ಇಲ್ಲೊಂದು ಸೈನ್ ಹಾಕೇ, ಆಫೀಸಿಂದು" ಎಂದೆ. ಹಾಳೆ ಖಾಲಿ ಇದ್ದದ್ದು ಕಂಡಿತ್ತು. ಏನೆಂದು ಕೇಳಲಿಲ್ಲ, ನಗುತ್ತಾ ಹಾಕಿದೆ. ಮೂರು ತಿಂಗಳ ಗಂಡನ ಮುಂದೆ ಒಳ್ಳೆಯವಳಾಗಿ ಉಳಿಯಲು ನಿನ್ನನ್ನು ಕಳ್ಳಿ ಮಾಡಿದೆ. ಇವತ್ತು ಬೆಳಿಗ್ಗೆ ಎಲ್ಲವನ್ನೂ ಹೇಳಿದೆ. ಇವರು ಅರ್ಜಿಯಿಂದ ಫೋರ್ಜರಿ ಎಂಬ ಮಾತು ತೆಗೆದು, ನಡೆದದ್ದನ್ನು ನಡೆದ ಹಾಗೆ ಬೇರೆ ಹಾಳೆಯಲ್ಲಿ ಬರೆದು, "ಈ ಸಲನಾದ್ರೂ ಓದಿ ಸೈನ್ ಹಾಕು" ಎಂದು ಪೆನ್ನು ಕೊಟ್ಟು ಹೊರಗೆ ಹೋದರು. ಇನ್ನೂ ಬಂದಿಲ್ಲ. ಮೂರು ಸಲ ಓದಿದೆ. ಸಹಿ ಹಾಕಿದೆ. ಆ ಹಾಳೆಯೂ ಇದರ ಜೊತೆಗೇ ಇದೆ. ನನ್ನ ಸಹಿಯ ಕೆಳಗೆ ನಿನಗೂ ಜಾಗ ಬಿಟ್ಟಿದ್ದೇನೆ.