ಹದಿನೆಂಟರ ಡಬ್ಬಿ

ಗಜೇಂದ್ರಗಡ
೧೨-೪-೨೦೦೬

ಗೋವಾದಾಗಿರೋ ಮುತ್ತೂಗ, ನಿಮ್ಮಕ್ಕ ತಿಪ್ಪವ್ವನ ಮಾವ ಫಕ್ಕೀರಪ್ಪನ ಆಶೀರ್ವಾದ. ಇಲ್ಲಿ ಮಂದಿ, ಮಗ್ಗ ಎಲ್ಲಾ ನೆಟ್ಟಗ ಅದಾವ.

ನಿನ್ನ ಪತ್ರ ಮುಟ್ಟಿತು. ನನ್ನ ಮೊಮ್ಮಗಳು ಕಸ್ತೂರಿಗೆ ಇನ್ನೂ ಹದಿನಾಲ್ಕು, ಹದಿನೆಂಟು ತುಂಬದ ಲಗ್ನ ಮಾಡಬ್ಯಾಡ್ರಿ, ಕಾಯ್ದೆ ಐತಿ ಅಂತ ಬರ್ದೀದಿ. ನೀ ಆಕಿಗೆ ಕಳಿಸಿದ ವಿಡಿಯೋ ಗೇಮಿನ ಡಬ್ಬಿ ಮ್ಯಾಲೂ ಕೆಂಪಗ ಹದಿನೆಂಟು ಅಂತ ಐತಿ. ಸಾಲಿ ಮಾಸ್ತರು ಓದಿ ಹೇಳಿದ್ರು. ಡಬ್ಬಿ ಪರದೇಶದ್ದಂತ, ಅಲ್ಲಿ ಯಾವ ಆಟ ಎಷ್ಟು ವಯಸ್ಸಿನವರಿಗೆ ಅಂತ ಸರಕಾರನ ಅಂಕಿ ಹಾಕಿಸ್ತೈತಂತ. ಆ ಕಾಯ್ದೆ ಮುರದಾವ ನೀನು, ನನಗ ಬುದ್ಧಿ ಹೇಳಾಕ ಬಂದಿ.

ಡಬ್ಬಿ ಕಸಗೊಂಡು ಟ್ರಂಕಿನ್ಯಾಗ ಇಟ್ಟೀನಿ. ನಿಶ್ಚಯದ ದಿನ ಅಳದಾಕಿ ಅದಕ್ಕ ಎರಡ ದಿನ ಅತ್ತಳು. ವರಗ ಇಪ್ಪತ್ತಾರು, ಆಟ ಅವನಿಗೆ ಕೊಡ್ತೀನಿ.

ಪೊಲೀಸರ ಕಡೆ ಹೋದಿ ಅಂದ್ರ ತಿಪ್ಪವ್ವನ್ನ ಅದ ದಿನ ನಿನ್ನ ಬಾಗಿಲಿಗೆ ಬಿಟ್ಟು ಬರ್ತೀನಿ. ಆಕಿಗೂ ಹೇಳೀನಿ. ಈಗ ಲಗ್ನದ ಶಾವಿಗಿ ಹೊಸಿಯಾಕ ಕುಂತಾಳ.

ಲಗ್ನ ಬಸವ ಜಯಂತಿಗೆ. ಮದಲಗಿತ್ತಿನ್ನ ಹಂದರಕ್ಕ ಎತಗೊಂಡು ಬರೋದು ಸೋದರಮಾವನ ಕೆಲಸ, ಎರಡ ದಿನ ಮೊದಲ ಬಾ. ಹುಡುಗಿ ಹಗರ ಅದಾಳ, ನಿನಗ ಭಾರ ಆಗೂದಿಲ್ಲ.

ಇಂತಿ
ಫಕ್ಕೀರಪ್ಪ