ಮರಳಿಗೆ ಬಿಟ್ಟ ನೀರು

ಕಾಜಲಳ ಮನೆ,
ಜೈಸಲ್ಮೇರ್ ಸೀಮೆ, ರಾಜಸ್ಥಾನ
ಮೇ ೨೬, ರವಿವಾರ

ಅಂಕಲಿಯ ಅಕ್ಕ ಕಮಲಾಬಾಯಿಗೆ, ತಮ್ಮ ಭಾವುಸಾಹೇಬನ ಜೈ ಜಿನೇಂದ್ರ.

ನಾನು ಕ್ಷೇಮ. ಮೈಬಣ್ಣ ಮಾತ್ರ ಹದ ತಪ್ಪಿದ ಬೆಲ್ಲದಂತಾಗಿದೆ. ಫೋನಿರುವಾಗ ಕಾಗದ ಯಾಕೆ ಎಂದು ಕೇಳುತ್ತಿ. ಫೋನಿನಲ್ಲಿ ನೀನು ಸ್ಪೀಕರ್ ಹಚ್ಚಿ ಹೊಸ್ತಿಲ ಮೇಲೆ ಕೂಡುತ್ತಿ. ನಾನು ಇಲ್ಲಿ ಕೆಮ್ಮಿದರೆ ಅಲ್ಲಿ ಓಣಿಯೆಲ್ಲ ಔಷಧಿ ಹೇಳುತ್ತದೆ. ಮೇಲಾಗಿ, ನಾನು ಕಂಡದ್ದನ್ನು ಬಾಯಲ್ಲಿ ಹೇಳಿದರೆ ‘ಭಾವೂ, ಪುಂಗಿ ಊದಬ್ಯಾಡ’ ಅನ್ನುತ್ತಿ. ಬರೆದರೆ ಅರ್ಧವನ್ನಾದರೂ ನಂಬುತ್ತಿ.

ನಾನು ಇಲ್ಲಿಗೆ ಬಂದದ್ದು ಎರಡು ಕೆಲಸಕ್ಕೆ. ಒಂದು ಎಲ್ಲರಿಗೂ ಗೊತ್ತು. ಇನ್ನೊಂದು ನಿನಗೂ ನನಗೂ ಮಾತ್ರ ಗೊತ್ತು, ಅದನ್ನು ಕಡೆಗೆ ಬರೆಯುತ್ತೇನೆ.

ಮೊದಲನೆಯದು, ನಿನ್ನ ಮಗಳ ಹಿತ್ತಲಿನಲ್ಲಿ ಲಾನು ಹಾಕಬೇಕೋ ಬೇಡವೋ ಎಂಬ ತಂಟೆ. ಗೋಣಿಚೀಲದ ತುಂಬ ಕರಿಕೆ ಹುಲ್ಲು ತುಂಬಿಕೊಂಡು ರೈಲು ಹತ್ತಿದ ಮೊದಲ ಮನುಷ್ಯ ನಾನೇ ಇರಬೇಕು. ಟಿ.ಸಿ. ಬಂದು ಚೀಲ ಒತ್ತಿ ನೋಡಿ, ಏನಿದು ಎಂದ. ಲಾನು ಎಂದೆ. ಕೆಳಗಿನಿಂದ ಮೇಲಕ್ಕೆ ನನ್ನನ್ನು ನೋಡಿ ಮುಂದೆ ಹೋದ. ನಮ್ಮ ಅಪ್ಪ ಜನ್ಮವೆಲ್ಲ ದ್ರಾಕ್ಷಿ ಸಾಲಿನಿಂದ ಕಿತ್ತು ಕಿತ್ತು ಬದುವಿಗೆ ಎಸೆದ ಕಸ ಅದು. ಅವನ ಮೊಮ್ಮಗಳು ಅದನ್ನೇ ರೈಲಿನಲ್ಲಿ ತರಿಸಿಕೊಂಡಳಲ್ಲ! ಅಪ್ಪ ಇದ್ದಿದ್ದರೆ ಮೊದಲು ಕಳೆ ಕೀಳುವ ಕುರ್ಪಿ ಹುಡುಕುತ್ತಿದ್ದ.

ಬಂದು ನೋಡಿದರೆ ಮನೆಯಲ್ಲಿ ಗಂಡಹೆಂಡಿರ ಮಾತೇ ನಿಂತಿತ್ತು. ಕಾಜಲ್ ನಿನಗೆ ಹೇಳಿದ್ದನ್ನೇ ನನಗೂ ಹೇಳಿದಳು: “ಕಣ್ಣಿಗೆ ಒಂದ್ ಚೂರು ಹಸರ ಇಲ್ಲಂದ್ರ ನಾ ಇಲ್ಲಿ ಇರಂಗಿಲ್ಲ ಮಾಮಾ. ಅಂಕಲಿಗೆ ಬರತೀನಿ, ತಿರಗಿ ಹೋಗಂಗಿಲ್ಲ.” ಅಳಿಯ ಸುಜಯ ದಿನವೆಲ್ಲ ಬಿಸಿಲಿನಿಂದ ಕರೆಂಟ್ ತೆಗೆಯುವ ಫಲಕಗಳ ನಡುವೆ ಇದ್ದು, ಸಂಜೆ ಬಂದು ನನಗಷ್ಟೇ ಹೇಳುತ್ತಾನೆ: “ನೀರು ವಾರಕ್ಕೊಮ್ಮೆ ಬರತೈತ್ರಿ ಮಾಮಾ. ಕುಡಿಯಾಕ. ಹುಲ್ಲಿಗಲ್ಲ.” ಆಕೆ ತಾಟನ್ನು ಅವನ ಮುಂದೆ ಇಡುವ ಸಪ್ಪಳದಲ್ಲೇ ಉತ್ತರ ಇರುತ್ತಿತ್ತು. ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ: ಮಾಮಾ ಹೇಳಿದ್ದೇ ಕಡೆ ಮಾತು. ಯಾಕೆ? ಅಥಣಿಯಿಂದ ನಿಪ್ಪಾಣಿಯವರೆಗೆ ನೀರು ಹಾಯಿಸುವುದರಲ್ಲಿ ನನ್ನಂಥವನು ಯಾರಿದ್ದಾನೆ? ಹೀಗೆಂದು ಅವರಿಗೆ ಹೇಳಿದವನೂ ನಾನೇ, ಆ ಮಾತು ಬೇರೆ.

ಮೊದಲ ದಿನ ಹಿತ್ತಲ ಬಾಗಿಲು ತೆಗೆದು ನಿಂತೆ. ಅಕ್ಕಾ, ಎದುರಿಗೆ ಏನೂ ಇಲ್ಲ. ನಮ್ಮಲ್ಲಿ ಎತ್ತ ನೋಡಿದರೂ ಕಬ್ಬು ಅಡ್ಡ ಬರುತ್ತದೆ, ಅದನ್ನು ಕಡಿದರೆ ಇನ್ನೊಬ್ಬನ ಕಬ್ಬು. ಇಲ್ಲಿ ನೋಟ ಹೋಗಿ ಹೋಗಿ ತಾನೇ ದಣಿದು ಕೂಡುತ್ತದೆ. ಗಾಳಿ ಮರಳಿನ ಮೇಲೆ ಸಾಲು ಹೊಡೆದಿತ್ತು. ಯಾವ ನೇಗಿಲೂ ಅಷ್ಟು ನೆಟ್ಟಗೆ ಹೊಡೆಯಲಾರದು. ನನ್ನ ಬಾಯಿ ನಿಂತುಹೋಯಿತು. ನಂಬು, ನನ್ನದೇ ಬಾಯಿ. ಇಲ್ಲಿ ಸೂರ್ಯನೂ ನಮ್ಮೂರಿಗಿಂತ ತಡವಾಗಿ ಮುಳುಗುತ್ತಾನೆ. ಹೊತ್ತಿರುವಾಗಲೇ ಉಣ್ಣುವ ನಮ್ಮಂಥವರಿಗೆ ಒಂದು ರೊಟ್ಟಿ ಹೆಚ್ಚಿಗೆ ತಿನ್ನಲು ಪುರಸೊತ್ತು.

ತೀರ್ಪು ಕೊಡುವ ಮೊದಲು ಪರೀಕ್ಷೆ ಮಾಡಬೇಕಲ್ಲ. ಮಂಚದಷ್ಟು ಜಾಗ ಅಗೆದು ಮಡಿ ಮಾಡಿ ಕರಿಕೆ ನೆಟ್ಟೆ. ಉಳಿದ ಚೀಲವನ್ನು ನೆರಳಿಗಿಟ್ಟೆ. ಮುಂಜಾನೆ ತಂಪಿನಲ್ಲಿ ನಳಕ್ಕೆ ಪೈಪು ಹಚ್ಚಿ ನೀರು ಬಿಟ್ಟೆ. ಆಮೇಲೆ ಹೇಗೋ ಏನೋ, ನಳ ತೆರೆದೇ ಉಳಿಯಿತು.

ಸರಿ, ನೀನು ಹೇಗೂ ಕಾಜಲಳನ್ನು ಕೇಳುತ್ತಿ. ನಾನು ಮಲಗಿದ್ದೆ. ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಟವೆಲ್ ಹಾಸಿ ಮಲಗಿ ಬೆಳೆದ ಮೈ ಇದು. ನಮ್ಮಲ್ಲಿ ಸಾಲು ತುಂಬಿದಾಗ ನೀರೇ ಬಂದು ಅಂಗಾಲು ಮುಟ್ಟಿ ಎಬ್ಬಿಸುತ್ತದೆ. ಇಲ್ಲಿ ಅಂಗಾಲನ್ನು ಯಾರೂ ಮುಟ್ಟಲಿಲ್ಲ. ಎದ್ದು ನೋಡಿದರೆ ನೀರಿನ ಟಾಕಿ ಖಾಲಿ. ಹಿತ್ತಲೆಲ್ಲ ತೇವ, ಆದರೆ ನಿಂತ ನೀರು ಒಂದು ಹನಿ ಇಲ್ಲ. ವಾರದ ನೀರನ್ನು ಕುಡಿದು ಮರಳು ಬಾಯಿ ಒರೆಸಿಕೊಂಡಿತ್ತು.

ಕಾಜಲ್ ಬಯ್ಯಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಸುಜಯ ಟಾಕಿಯಲ್ಲಿ ಇಣುಕಿ ನೋಡಿ, “ಮಾಮಾ, ಇದು ಕೃಷ್ಣಾ ಹೊಳಿ ಅಲ್ರಿ” ಅಂದ, ಅಷ್ಟೇ.

ಪಕ್ಕದ ಮನೆಯಲ್ಲಿ ಧಾಪು ಎಂಬ ಮುದುಕಿ ಇದ್ದಾಳೆ. ಹೋದ ವರ್ಷದ ಮಳೆಯನ್ನು ಅಂಗಳದ ಕೆಳಗಿನ ತೊಟ್ಟಿಯಲ್ಲಿ ಕೂಡಿಟ್ಟು, ನಾವು ತಿಜೋರಿಗೆ ಹಾಕುವ ಹಾಗೆ ಅದಕ್ಕೆ ಬೀಗ ಹಾಕಿದವಳು. ಸುದ್ದಿ ಕೇಳಿ ಆ ಬೀಗ ತೆಗೆದು, ಸೊಸೆಯೊಂದಿಗೆ ಕೊಡ ಹೊತ್ತು ಬಂದಳು. ಅವಳದು ಮಾರವಾಡಿ ಮಾತು. ನನ್ನ ಹಿಂದಿ ಗಡಿಯ ಕೊಗನೊಳ್ಳಿ ದಾಟುವಷ್ಟರಲ್ಲೇ ಮರಾಠಿಯಾಗುತ್ತದೆ. ಆದರೂ ಹಂಗಿಸುವುದು ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ನಮ್ಮ ಮಾತಿನಲ್ಲಿ ಅದು ಹೀಗೆ: “ದಕ್ಷಿಣದಿಂದ ಮಳಿರಾಯ ಬಂದಾನಂತ. ಮಲಕೊಂಡೇ ಸುರಿತಾನಂತ!” ಹಂಗಿಸುತ್ತಲೇ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿ ಕೊಟ್ಟಳು, ನಮ್ಮ ಅವ್ವ ಸೋಸುತ್ತಿದ್ದ ಹಾಗೆಯೇ. ಮುಂದೆ ನಳದ ಪಾಳಿ ಬರುವತನಕ ನಾವು ಕುಡಿದದ್ದು ಆ ಮನೆಯ ಹೋದ ವರ್ಷದ ಮಳೆ. ಅಕ್ಕಾ, ಆ ನೀರಿಗೆ ಬಾಯಿ ತಾಗಿಸುವಾಗ ನನಗೆ ನಾಚಿಕೆಗಿಂತ ಹೆಚ್ಚಾಗಿ ಇನ್ನೇನೋ ಆಯಿತು. ಬಸದಿಯಲ್ಲಿ ಗಂಧೋದಕ ತೆಗೆದುಕೊಳ್ಳುವಾಗ ಆಗುವಂಥದ್ದು.

ಈಗ ನೀನು ನಂಬದ ಮಾತಿಗೆ ಬಂದೆ.

ಮಾರನೆಯ ದಿನವೋ ಅದರಾಚೆಯದೋ, ಬೆಳಗ್ಗೆ ಹಿತ್ತಲಿನಿಂದ ಕಾಜಲ್ ಕೂಗಿಕೊಂಡಳು: “ಮಾಮಾ, ಲಗೂ ಬರ್ರಿ! ನಮ್ಮೂರಿನ್ವು ಇಲ್ಲಿಗೆ ಬಂದಾವ!” ಓಡಿದೆ. ತೇವದ ಮರಳಿನ ಮೇಲೆ ಕೆಂಪು ಮಖಮಲ್ಲಿನ ಹನಿಗಳು ನಡೆಯುತ್ತಿದ್ದವು. ಮಿರಗದ ಹುಳ, ಅಕ್ಕಾ! ಮೊದಲ ಮಳೆಗೆ ಏಳುತ್ತಿದ್ದ ಅವೇ. ನಾವು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಜೀವಹಿಂಸೆ ಅಂತ ಅವ್ವನ ಕೈಲಿ ಹೊಡೆತ ತಿಂದಿದ್ದೆವಲ್ಲ, ಅವೇ. ಪಂಚಾಂಗದ ಮೃಗಶಿರಾ, ನಮ್ಮ ಮಿರಗದ ಮಳೆ, ಇನ್ನೂ ಎಷ್ಟೋ ದೂರ. ನಾನು ನಿದ್ದೆಯಲ್ಲಿ ಮಾಡಿದ ತಪ್ಪನ್ನು ಭೂಮಿ ಮಳೆಯೆಂದು ನಂಬಿಬಿಟ್ಟಿತ್ತು. ಇಷ್ಟು ದೊಡ್ಡದು ನನ್ನಂಥ ಸುಳ್ಳನನ್ನು ನಂಬಿತಲ್ಲ! ಕೈಗಳು ತಾವೇ ಮುಗಿದವು.

ಆಮೇಲೆ ಹಸಿರೂ ಬಂತು. ನನ್ನ ಕರಿಕೆಯದಲ್ಲ; ಏಳು ಸಲ ಕಿತ್ತರೂ ಸಾಯದ ಆ ಕಳ್ಳ ಇಲ್ಲಿ ಒಣ ಹುಲ್ಲುಕಡ್ಡಿಯಾಗಿ ಮಲಗಿದ್ದ. ಇದು ಮರಳಿನ ಒಡಲಲ್ಲಿ ಯಾವ ಕಾಲದಿಂದಲೋ ಕಾದಿದ್ದ ಬೀಜದ ಹಸಿರು. ಸೂಜಿಯಂಥ ಮೊಳಕೆ ಹಿತ್ತಲ ತುಂಬ. ಕಾಜಲ್ ಒಲೆ ಹಚ್ಚುವುದನ್ನೇ ಮರೆತು ಕುಕ್ಕರಗಾಲಿನಲ್ಲಿ ಕೂತಳು. ಅಷ್ಟರಲ್ಲಿ ಸುಜಯ ಬೂಟು ಹಾಕಿಕೊಂಡೇ ಬಾಗಿಲಿಗೆ ಬಂದ. ಅಷ್ಟು ದಿನ ಅವನ ಕಡೆ ತಿರುಗಿ ನೋಡದವಳು ಕೈ ಚಾಚಿ ತಡೆದಳು: “ಬೂಟ ತಗೀರಿ! ಹುಳ ತುಳಿತೀರಿ.”

ನಾನು ಬಂದ ಮೇಲೆ ಆ ಮನೆಯಲ್ಲಿ ಗಂಡಹೆಂಡಿರ ನಡುವೆ ಕೇಳಿದ ಮೊದಲ ಮಾತು ಅದು. ಅವನು ಬೂಟು ತೆಗೆದು, ಆಕೆಯ ಪಕ್ಕ ಕೂತ. ನಾನು ಒಳಗೆ ಹೋಗಿ ಚಹಾ ಮಾಡಿದೆ. ಸಕ್ಕರೆ ಹೆಚ್ಚಾಯಿತು.

ಹೊರಗೆ ತಂದುಕೊಟ್ಟು, ಹಾಗಾದರೆ ಲಾನಿನ ಬಗ್ಗೆ ನನ್ನ ತೀರ್ಪು ಏನೆಂದರೆ, ಎಂದು ಗಂಟಲು ಸರಿಮಾಡಿಕೊಂಡೆ. ನಿನ್ನ ಮಗಳು ನನ್ನನ್ನು ಬಾಯಿ ತೆರೆಯಲೂ ಬಿಡಲಿಲ್ಲ. “ಬ್ಯಾಡ ಮಾಮಾ. ಇದರ ಮ್ಯಾಲೆ ಕರಿಕಿ ಹಾಸಿದ್ರ ಇವು ಎಲ್ಲಿಂದ ಹೊರಗ ಬರಬೇಕ್ರಿ?” ಅಂದಳು. ಉಳಿದ ಚೀಲವನ್ನು ಧಾಪುವಿನ ಆಡುಗಳು ತಿಂದವು. ಅಂಕಲಿಯ ಹುಲ್ಲಿಗೆ ಇಲ್ಲಿ ಒಳ್ಳೆಯ ಹೆಸರಿದೆ ಎಂದು ಊರಲ್ಲಿ ಹೇಳಬಹುದು.

ಆ ಸಸಿಗಳಿಗೆ ಒಂದು ತಂಬಿಗೆ ನೀರು ಹಾಕೋಣವೆಂದರೆ ಕಾಜಲಳೇ ತಡೆದಳು. ಅವೂ ಕೇಳಲಿಲ್ಲ. ಬೆರಳುದ್ದ ಬೆಳೆದವು, ಸಾಸಿವೆ ಕಾಳಿನಷ್ಟು ಹಳದಿ ಹೂ ಬಿಟ್ಟವು, ಬೀಜ ಉದುರಿಸಿದವು, ಒಣಗಿದವು. ನನ್ನ ಕಬ್ಬು ವರ್ಷಗಟ್ಟಲೆ ಕುಡಿದು ಕುಡಿದು ಆಮೇಲೆ ಗಾಳಿಗೆ ಅಡ್ಡ ಬೀಳುತ್ತದೆ. ಇವು ನನ್ನ ಒಂದು ನಿದ್ದೆಯ ನೀರಿನಲ್ಲಿ ಇಡೀ ಸಂಸಾರ ಮುಗಿಸಿದವು. ಹುಳಗಳು ಯಾವಾಗಲೋ ಮರಳಿಗೆ ಇಳಿದುಹೋಗಿದ್ದವು. ಮೊನ್ನೆ ಸಂಜೆ ಹಿತ್ತಲು ಮೊದಲಿನಂತೆ ಬರಿದಾಗಿ ಬಿದ್ದಿತ್ತು. ಎಲ್ಲಾ ಹೋಯಿತಲ್ಲ ಮಗಾ ಅಂದೆ. “ಹೋಗಿಲ್ರಿ ಮಾಮಾ, ಮಲಗ್ಯಾವ. ಖರೇ ಮಳಿ ಬಂದಾಗ ಅಷ್ಟೂ ಏಳತಾವ. ಆಗ ನಾ ಇಲ್ಲಿ ಇರಬೇಕು” ಅಂದಳು. ಬರಿ ಮರಳನ್ನು ಆಕೆ ನೋಡುತ್ತಿದ್ದ ರೀತಿ, ಅಕ್ಕಾ, ನೀನು ಬಿತ್ತಿದ ಹೊಲ ನೋಡುವ ರೀತಿಯದೇ.

ನನ್ನ ತಪ್ಪನ್ನು ಹೊಟ್ಟೆಯಲ್ಲಿ ಹಾಕಿಕೊ. ಈ ಕಾಗದವನ್ನು ಹೊಸ್ತಿಲ ಮೇಲೆ ಕೂತು ಓದಬೇಡ.

ಮಲಗಿಯೇ ಮಳೆ ಸುರಿಸಿದ ನಿನ್ನ ತಮ್ಮ,
ಭಾವುಸಾಹೇಬ

ತಾ.ಕ.: ಎರಡನೆಯ ಕೆಲಸ. “ಹುಲ್ಲು ಬೆಳೀಲಿ ಬಿಡಲಿ, ಮಗಳನ್ನ ಕರಕೊಂಡೇ ಬಾ” ಎಂದು ನೀನು ನನ್ನ ಒಳಕಿಸೆಗೆ ಸೇರಿಸಿದ್ದ ಕಾಜಲಳ ಟಿಕೆಟನ್ನು ನಿನ್ನೆ ಸ್ಟೇಶನ್ನಿಗೆ ಹೋಗಿ ರದ್ದು ಮಾಡಿಸಿದೆ. ಆಕೆಗೆ ಅದನ್ನು ತೋರಿಸಲೇ ಇಲ್ಲ. ಕಿಟಕಿಯ ಹಿಂದಿದ್ದವನು, ಇದೊಂದೇ ಏನು ಎಂದು ಕೇಳಿದ. ನಾನಿಲ್ಲದೆ ಅಂಕಲಿಯಲ್ಲಿ ಮಿರಗ ಕೂಡುವುದೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಈ ಸಲ ಸೋಯಾ ಬಿತ್ತುವುದನ್ನು ನನ್ನ ಮಗ ನಿಖಿಲನೇ ನೋಡಿಕೊಳ್ಳಲಿ. ನನ್ನ ಟಿಕೆಟನ್ನೂ ಕಿಟಕಿಯೊಳಗೆ ಸರಿಸಿದೆ.